ರೇಡಾರ್ ಪೆಟ್ಟಿಗೆ ಮೇಲಿನ ಕಿಲೋವ್ಯಾಟ್: ಎಷ್ಟು ನಂಬಬೇಕು?

ಪಣಜಿ ಎದುರಿನ ಮಾಲಿಂ ಜೆಟ್ಟಿ ಇರಲಿ, ವಾಸ್ಕೋದ ಖಾರೆವಾಡೊ ಇರಲಿ, ಬೋಟಿಗೆ ರೇಡಾರ್ ಹಾಕಿಸುವ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ. "ಅಣ್ಣಾ, ಪಕ್ಕದ ಬೋಟಿಗೆ ಆರು ಕಿಲೋವ್ಯಾಟ್ ಹಾಕ್ಸಿದ್ರಂತೆ, ನಮ್ಗೆ ನಾಲ್ಕು ಸಾಕಾ?" ಕಾರವಾರ, ಅಂಕೋಲಾ, ಹೊನ್ನಾವರ ಕಡೆಯಿಂದ ಬಂದು ಗೋವಾದಲ್ಲಿ ಬೋಟ್ ನಡೆಸುವ ನಮ್ಮ ತಾಂಡೇಲರೂ ಹೀಗೇ ಕೇಳುತ್ತಾರೆ. ಎಂಜಿನ್ ಕೊಳ್ಳುವಾಗ ಎಚ್‌ಪಿ ಕೇಳಿ ಅಭ್ಯಾಸ. ನಂಬರ್ ಜಾಸ್ತಿ ಇದ್ದರೆ ಮಾಲು ಒಳ್ಳೇದು ಅಂತ ಲೆಕ್ಕ.

ರೇಡಾರ್ ವಿಷಯದಲ್ಲಿ ಈ ಲೆಕ್ಕ ಕೈ ಕೊಡುತ್ತದೆ. ಅಂಗಡಿಯಲ್ಲಿ ಒಂದು ಕಡೆ 2, 4, 6, 12, 25 ಕಿಲೋವ್ಯಾಟ್ ಅಂತ ಬರೆದ ಸೆಟ್‌ಗಳಿವೆ. ಅದರ ಪಕ್ಕದಲ್ಲೇ ಬರೀ 20 ವ್ಯಾಟ್, 25 ವ್ಯಾಟ್ ಅಂತ ಬರೆದ ಹೊಸ ಸೆಟ್ ಇದೆ. ಕಿಲೋ ಅಲ್ಲ, ಬರೀ ವ್ಯಾಟ್. ನಾಲ್ಕು ಕಿಲೋವ್ಯಾಟಿನ ಇನ್ನೂರನೇ ಒಂದು ಭಾಗ. ಇದನ್ನು ನೋಡಿದವರಿಗೆ ಅಂಗಡಿಯವನು ಟೋಪಿ ಹಾಕುತ್ತಿದ್ದಾನೆ ಅನ್ನಿಸಿದರೆ ತಪ್ಪಲ್ಲ. ಆದರೆ ಎರಡೂ ಸೆಟ್ ಹತ್ತಿರ ಹತ್ತಿರ ಒಂದೇ ದೂರ ನೋಡುತ್ತವೆ. ಹೇಗೆ ಅನ್ನುವುದು ಗೊತ್ತಾದರೆ ಕಿಲೋವ್ಯಾಟಿನ ಮೇಲಿನ ಮೋಹ ತಾನಾಗೇ ಇಳಿಯುತ್ತದೆ.

ಮೊದಲು ಹಳೇ ಮಾದರಿಯದ್ದು, ಅಂದರೆ ರೇಡಿಯೋ ಅಲೆ ಹುಟ್ಟಿಸಲು ಮ್ಯಾಗ್ನೆಟ್ರಾನ್ ಅನ್ನುವ ಟ್ಯೂಬ್ ಇರುವ ಸೆಟ್. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬ ಇಬ್ಬರು ಇದರ ಮೂಲ ರೂಪವನ್ನು ಮಾಡಿ ತೋರಿಸಿದರು. ಇವತ್ತಿಗೂ ಬೋಟುಗಳ ಮೇಲೆ ಅದೇ ವಂಶದ ಮ್ಯಾಗ್ನೆಟ್ರಾನ್ ಕೆಲಸ ಮಾಡುತ್ತಿದೆ. ಇದು ಅಲೆಯನ್ನು ಸತತವಾಗಿ ಬಿಡುವುದಿಲ್ಲ. ಒಂದು ಪಲ್ಸ್, ಅಂದರೆ ಅಲೆಯ ಒಂದು ಗಿಡ್ಡ ತುಣುಕು ಬಿಡುತ್ತದೆ, ಆಮೇಲೆ ಸುಮ್ನೆ ಕೂತು ಪ್ರತಿಧ್ವನಿಗೆ ಕಾಯುತ್ತದೆ. ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್ ಹೋಗಿ ವಾಪಸ್ ಬರಲು ಅಲೆಗೆ 12.35 ಮೈಕ್ರೋಸೆಕೆಂಡ್ ಸಾಕು. ಎಷ್ಟು ಹೊತ್ತಿಗೆ ವಾಪಸ್ ಬಂತು ಅನ್ನುವುದರಿಂದ ದೂರ ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಆ್ಯಂಟೆನಾ ಯಾವ ಕಡೆ ಮುಖ ಮಾಡಿತ್ತು ಅನ್ನುವುದರಿಂದ ದಿಕ್ಕು ಗೊತ್ತಾಗುತ್ತದೆ.

ಪೆಟ್ಟಿಗೆ ಮೇಲಿನ 4 ಕಿಲೋವ್ಯಾಟ್ ಅನ್ನುವುದು ಆ ಪಲ್ಸ್ ಇರುವಷ್ಟು ಹೊತ್ತಿನ ಪವರ್ ಮಾತ್ರ, ಇದಕ್ಕೆ ಪೀಕ್ ಪವರ್ ಅನ್ನುತ್ತಾರೆ. ಹತ್ತಿರದ ರೇಂಜಿನಲ್ಲಿ ಪಲ್ಸ್ ಇರುವುದು ಸುಮಾರು 0.08 ಮೈಕ್ರೋಸೆಕೆಂಡ್. ಸೆಕೆಂಡಿಗೆ ಅಂಥ ಎರಡು ಸಾವಿರ ಪಲ್ಸ್ ಹೋಗುತ್ತವೆ ಅಂತಿಟ್ಟುಕೊಳ್ಳಿ. ಒಂದು ಸೆಕೆಂಡಿನಲ್ಲಿ ರೇಡಾರ್ ನಿಜವಾಗಿ ಅಲೆ ಬಿಡುವುದು ಒಟ್ಟು 160 ಮೈಕ್ರೋಸೆಕೆಂಡ್ ಮಾತ್ರ. ಮಿಕ್ಕಿದ್ದೆಲ್ಲ ಕಾಯುವ ಹೊತ್ತು. ಸರಾಸರಿ ತೆಗೆದರೆ ಆ್ಯಂಟೆನಾದಿಂದ ಹೊರಗೆ ಹೋಗುವುದು 0.64 ವ್ಯಾಟ್. ಒಂದು ವ್ಯಾಟೂ ಇಲ್ಲ! ನಾಲ್ಕು ಕಿಲೋವ್ಯಾಟ್ ಸೆಟ್ಟು ನಮ್ಮ ಬೋಟಿನ ಬ್ಯಾಟರಿ ಮೇಲೆ ಹೇಗೆ ನಡೆಯುತ್ತದೆ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಬ್ಯಾಟರಿಯಿಂದ ಅದು ಎಳೆಯುವುದು ಮೂವತ್ತು ನಲವತ್ತು ವ್ಯಾಟ್. ಅದರಲ್ಲೂ ಬಹುಪಾಲು ಮೋಟಾರ್, ಸ್ಕ್ರೀನ್, ಮ್ಯಾಗ್ನೆಟ್ರಾನಿನ ಹೀಟರ್‌ಗೆ ಹೋಗುತ್ತದೆ.

ಹಾಗಾದರೆ ದೂರದ ದೋಣಿಯನ್ನು ಕಾಣಿಸುವುದು ಯಾವುದು? ಪವರ್ ಒಂದೇ ಅಲ್ಲ, ಪವರ್ ಎಷ್ಟು ಹೊತ್ತು ಇತ್ತು ಅನ್ನುವುದೂ ಸೇರಿ. ಅದನ್ನು ಶಕ್ತಿ ಅನ್ನೋಣ. ಕೊಡ ತುಂಬಬೇಕು ಅಂದರೆ ಬಿಂದಿಗೆಯಿಂದ ಒಮ್ಮೆಲೇ ಸುರಿದರೂ ಆಯಿತು, ನಲ್ಲಿಯನ್ನು ಸಣ್ಣಗೆ ಬಿಟ್ಟು ಕಾದರೂ ಆಯಿತು. ನೀರು ಅಷ್ಟೇ. ಮ್ಯಾಗ್ನೆಟ್ರಾನ್ ಅಂದರೆ ಆ ಬಿಂದಿಗೆ. 20-25 ವ್ಯಾಟಿನ ಹೊಸ ಸೆಟ್, ಅಂದರೆ ಮ್ಯಾಗ್ನೆಟ್ರಾನ್ ಬದಲು ಟ್ರಾನ್ಸಿಸ್ಟರ್ ಇರುವ ಸಾಲಿಡ್ ಸ್ಟೇಟ್ ಸೆಟ್, ಸಣ್ಣಗೆ ಬಿಟ್ಟ ಆ ನಲ್ಲಿಯ ಹಾಗೆ. 4,000 ವ್ಯಾಟನ್ನು 0.08 ಮೈಕ್ರೋಸೆಕೆಂಡಿನಿಂದ ಗುಣಿಸಿದರೆ 320 ಮೈಕ್ರೋಜೂಲ್. 20 ವ್ಯಾಟಿನ ಸೆಟ್ ತನ್ನ ಪಲ್ಸನ್ನು 20 ಮೈಕ್ರೋಸೆಕೆಂಡ್ ಎಳೆದರೆ 400 ಮೈಕ್ರೋಜೂಲ್. ವ್ಯಾಟಿನಲ್ಲಿ ಇನ್ನೂರು ಪಟ್ಟು ಚಿಕ್ಕದಾದ ಸೆಟ್ಟು ಒಂದು ಪಲ್ಸಿನ ಶಕ್ತಿಯಲ್ಲಿ ಸ್ವಲ್ಪ ಮುಂದೇ ಇದೆ.

ಸುಮ್ನೆ ಪಲ್ಸ್ ಉದ್ದ ಮಾಡಿದರೆ ಇನ್ನೊಂದು ತೊಂದರೆ. ಪಲ್ಸ್ ಉದ್ದವಾದಷ್ಟೂ ಒಂದರ ಹಿಂದೆ ಒಂದಿರುವ ಎರಡು ದೋಣಿ ಅಂಟಿಕೊಂಡು ಒಂದೇ ಚುಕ್ಕೆಯಾಗುತ್ತವೆ. 0.08 ಮೈಕ್ರೋಸೆಕೆಂಡಿನ ಪಲ್ಸ್ 12 ಮೀಟರ್ ಅಂತರವನ್ನು ಬಿಡಿಸಿ ತೋರಿಸುತ್ತದೆ. ಅದೇ 20 ಮೈಕ್ರೋಸೆಕೆಂಡ್ ಆದರೆ 3 ಕಿಲೋಮೀಟರ್! ಅದಕ್ಕೇ ಸಾಲಿಡ್ ಸ್ಟೇಟ್ ಸೆಟ್‌ಗಳು ಪಲ್ಸಿನ ಉದ್ದಕ್ಕೂ ಫ್ರೀಕ್ವೆನ್ಸಿಯನ್ನು ಸ್ವಲ್ಪ ಸ್ವಲ್ಪವೇ ಜಾರಿಸುತ್ತಾ ಹೋಗುತ್ತವೆ. ವಾಪಸ್ ಬಂದ ಅಲೆಯಲ್ಲಿ ಮೊದಲ ತುದಿ ಯಾವುದು, ಕೊನೆ ತುದಿ ಯಾವುದು ಅಂತ ಆ ಜಾರುವಿಕೆಯಿಂದ ಗೊತ್ತಾಗುತ್ತದೆ. ಒಳಗಿನ ಕಂಪ್ಯೂಟರ್ ಅದನ್ನೆಲ್ಲ ಒತ್ತಿ ಸಣ್ಣ ಚುಕ್ಕೆ ಮಾಡುತ್ತದೆ. ಇದಕ್ಕೆ ಪಲ್ಸ್ ಕಂಪ್ರೆಶನ್ ಅನ್ನುತ್ತಾರೆ. ಉದ್ದದ ಪಲ್ಸ್ ಬಿಡುವಾಗ ಸೆಟ್ಟಿಗೆ ಕಿವಿ ಕೇಳುವುದಿಲ್ಲ, ಹಾಗಾಗಿ ಹತ್ತಿರದ್ದು ಕಾಣುವುದಿಲ್ಲ. ಅದಕ್ಕೆ ನಡುನಡುವೆ ಗಿಡ್ಡ ಪಲ್ಸನ್ನೂ ಬಿಟ್ಟು ಹತ್ತಿರದ ಚಿತ್ರವನ್ನು ತುಂಬಿಸಿಕೊಳ್ಳುತ್ತದೆ.

ಸುಮಾರು 2009ರ ಹೊತ್ತಿಗೆ ಬಂದ ಬ್ರಾಡ್‌ಬ್ಯಾಂಡ್ ರೇಡಾರ್‌ಗಳು ಇದಕ್ಕೂ ಮುಂದೆ ಹೋಗಿದ್ದವು. ಪಲ್ಸೇ ಇಲ್ಲ, ಸತತ ಅಲೆ. ಅದೂ ಒಂದು ವ್ಯಾಟಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಜೆಟ್ಟಿಯ ಪಕ್ಕದ ಕಂಬಗಳನ್ನೂ ಬಿಡಿಬಿಡಿಯಾಗಿ ತೋರಿಸುವಷ್ಟು ಚೆಂದದ ಚಿತ್ರ. ಆದರೆ ದೂರದ್ದು ಬಡಕಲು. ಶಕ್ತಿ ಕಡಿಮೆ ಬಿದ್ದಾಗ ಪೆಟ್ಟು ಬೀಳುವುದು ದೂರದಲ್ಲೇ.

ಸಾಲಿಡ್ ಸ್ಟೇಟಿನ ಒಂದು ಕೊರತೆಯನ್ನು ಮಾರುವವರು ಹೇಳುವುದಿಲ್ಲ. ಸಮುದ್ರದಲ್ಲಿ ಕೆಲವು ಬೋಯಾಗಳ ಮೇಲೆ ರೇಕಾನ್ ಅನ್ನುವ ಉಪಕರಣ ಇರುತ್ತದೆ. ಹಡಗಿನ ರೇಡಾರ್ ಪಲ್ಸ್ ತಾಗಿದರೆ ಅದು ಎಚ್ಚೆತ್ತು ಸ್ಕ್ರೀನಿನ ಮೇಲೆ ತನ್ನ ಗುರುತು ಮೂಡಿಸುತ್ತದೆ. ಲೈಫ್‌ರಾಫ್ಟಿನಲ್ಲಿಡುವ ಸಾರ್ಟ್, ಅಂದರೆ ಅಪಾಯದಲ್ಲಿರುವವರನ್ನು ಹುಡುಕಲು ನೆರವಾಗುವ ಉಪಕರಣ ಕೂಡ ಹೀಗೇ. ಇವೆರಡೂ ಮ್ಯಾಗ್ನೆಟ್ರಾನಿನ ಜೋರು ಪಲ್ಸಿಗೆ ಹೊಂದಿಕೊಂಡವು. ಇಪ್ಪತ್ತು ವ್ಯಾಟಿನ ಮೆಲುದನಿಗೆ ಅವು ಏಳದೇ ಇರಬಹುದು, ಅಥವಾ ತೀರಾ ಹತ್ತಿರ ಹೋದ ಮೇಲೆ ಏಳಬಹುದು. ಇಲ್ಲಿ ಮಾತ್ರ ಪೀಕ್ ಪವರಿಗೇ ಬೆಲೆ.

ಈಗ ಎರಡು ಮ್ಯಾಗ್ನೆಟ್ರಾನ್ ಸೆಟ್‌ಗಳನ್ನೇ ಹೋಲಿಸೋಣ. ಎರಡು ಕಿಲೋವ್ಯಾಟಿನ ಬದಲು ನಾಲ್ಕು ಹಾಕಿದರೆ ದೂರವೂ ದುಪ್ಪಟ್ಟಾಗುತ್ತದಾ? ಇಲ್ಲ. ಅಲೆ ಹೋಗುವಾಗ ಹರಡಿಕೊಂಡು ತೆಳುವಾಗುತ್ತದೆ, ದೂರದ ವರ್ಗದ ಲೆಕ್ಕದಲ್ಲಿ. ದೋಣಿಗೆ ಬಡಿದು ವಾಪಸ್ ಬರುವಾಗ ಮತ್ತೆ ಅಷ್ಟೇ ತೆಳುವಾಗುತ್ತದೆ. ಎರಡೂ ಸೇರಿ ನಾಲ್ಕನೇ ಘಾತ. ದೂರ ದುಪ್ಪಟ್ಟಾಗಬೇಕಾದರೆ ಪವರ್ ಹದಿನಾರು ಪಟ್ಟು ಬೇಕು. ಎರಡರಿಂದ ನಾಲ್ಕಕ್ಕೆ ಹೋದರೆ ಸಿಗುವುದು ಶೇಕಡಾ 19 ಮಾತ್ರ. 2 ಕಿಲೋವ್ಯಾಟಿಗೆ ಮೂರು ಮೈಲಿಯಲ್ಲಿ ಕಂಡ ಫೈಬರ್ ದೋಣಿ 4 ಕಿಲೋವ್ಯಾಟಿಗೆ ಮೂರೂವರೆ ಮೈಲಿಯಲ್ಲಿ ಕಾಣುತ್ತದೆ, ಅಷ್ಟೇ. ನಾಲ್ಕರಿಂದ ಆರಕ್ಕೆ ಹೋದರೆ ಶೇಕಡಾ 11 ಕೂಡ ಪೂರ್ತಿ ಇಲ್ಲ. ಪಕ್ಕದ ಬೋಟಿನವನ ಆರರ ಕಥೆ ಇಷ್ಟೇ.

ಇದೂ ಸ್ವಲ್ಪ ಉದಾರವಾಗಿ ಹೇಳಿದ ಲೆಕ್ಕ. ನೀರಿಗೆ ಅಂಟಿಕೊಂಡಿರುವ ತಗ್ಗು ದೋಣಿಗೆ ನೇರ ಬಂದ ಅಲೆಯೂ ತಾಗುತ್ತದೆ, ಸಮುದ್ರದ ಮೇಲ್ಮೈಗೆ ಬಡಿದು ಬಂದ ಅಲೆಯೂ ತಾಗುತ್ತದೆ. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಅಂಥ ಕಡೆ ಪ್ರತಿಧ್ವನಿ ದೂರದ ಎಂಟನೇ ಘಾತದ ಲೆಕ್ಕದಲ್ಲಿ ಕುಸಿಯುತ್ತದೆ. ಆಗ ಪವರ್ ದುಪ್ಪಟ್ಟು ಮಾಡಿದರೂ ದೂರ ಶೇಕಡಾ 9ರಷ್ಟೇ ಹೆಚ್ಚುತ್ತದೆ. ನಮಗೆ ಕಾಣಲೇಬೇಕಾದದ್ದು ಇಂಥ ತಗ್ಗು ದೋಣಿಗಳೇ ಅಲ್ವಾ?

ಈ ನಾಲ್ಕನೇ ಘಾತಕ್ಕೆ ಇನ್ನೊಂದು ಮುಖ ಇದೆ. ಮ್ಯಾಗ್ನೆಟ್ರಾನ್ ಹಳೇದಾಗಿ ಪವರ್ ಅರ್ಧಕ್ಕೆ ಇಳಿದರೂ ದೂರ ಕಡಿಮೆಯಾಗುವುದು ಶೇಕಡಾ 16 ಮಾತ್ರ. ನಿಧಾನಕ್ಕೆ ಆಗುವುದರಿಂದ ತಾಂಡೇಲನಿಗೆ ಗೊತ್ತೇ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವವರು ಇದನ್ನು ನೆನಪಿಡಬೇಕು. "ಚೆನ್ನಾಗಿ ಕಾಣ್ತದೆ" ಅನ್ನುವ ಮಾತು ಮ್ಯಾಗ್ನೆಟ್ರಾನಿನ ಆರೋಗ್ಯಕ್ಕೆ ಸಾಕ್ಷಿ ಅಲ್ಲ. ಮೆನುವಿನಲ್ಲಿ ಟ್ರಾನ್ಸ್‌ಮಿಟ್ ಗಂಟೆ ಎಷ್ಟಾಗಿದೆ ಅಂತ ತೆಗೆಸಿ ನೋಡಿ.

ಇನ್ನು ಪೆಟ್ಟಿಗೆ ಮೇಲಿನ ಎರಡನೇ ನಂಬರ್. 4 ಕಿಲೋವ್ಯಾಟಿನ ಸೆಟ್ಟಿಗೆ ಸಾಮಾನ್ಯವಾಗಿ 36 ನಾಟಿಕಲ್ ಮೈಲಿ ಅಂತ ಬರೆದಿರುತ್ತಾರೆ. ಅದು ಸ್ಕ್ರೀನಿನ ದೊಡ್ಡ ರೇಂಜ್, ನಿಮ್ಮ ಬೋಟಿಗೆ ಕಾಣುವ ದೂರ ಅಲ್ಲ. ಭೂಮಿ ದುಂಡಗಿದೆ, ರೇಡಾರ್ ಅಲೆ ಸ್ವಲ್ಪ ಬಾಗಿದರೂ ದಿಗಂತದ ಆಚೆ ಇಳಿಯುವುದಿಲ್ಲ. ಲೆಕ್ಕ ಸುಲಭ. ಆ್ಯಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ವರ್ಗಮೂಲ ಹಾಕಿ, ಎದುರಿನ ವಸ್ತುವಿನ ಎತ್ತರಕ್ಕೂ ಹಾಗೇ ಮಾಡಿ, ಎರಡನ್ನೂ ಕೂಡಿಸಿ 2.2ರಿಂದ ಗುಣಿಸಿ. ನಾಟಿಕಲ್ ಮೈಲಿ ಸಿಗುತ್ತದೆ.

ಕ್ಯಾಬಿನ್ ಮೇಲೆ ನೀರಿನಿಂದ 4 ಮೀಟರ್ ಎತ್ತರದಲ್ಲಿ ಡೋಮ್, ಅಂದರೆ ಆ್ಯಂಟೆನಾ ಒಳಗಿರುವ ಮುಚ್ಚಿದ ದುಂಡು ಪೆಟ್ಟಿಗೆ ಇದೆ ಅಂತಿಟ್ಟುಕೊಳ್ಳಿ. ನೀರಿನಿಂದ ಒಂದು ಮೀಟರ್ ಎತ್ತರದ ದೋಣಿ 6.6 ಮೈಲಿಗಿಂತ ದೂರ ಇದ್ದರೆ ಅದು ದಿಗಂತದ ಕೆಳಗೆ. 25 ಕಿಲೋವ್ಯಾಟ್ ಹಾಕಿದರೂ ಕಾಣುವುದಿಲ್ಲ. ಮುರಗಾಂವ್ ಬಂದರಿನ ಹೊರಗೆ ಲಂಗರು ಹಾಕಿದ, 25 ಮೀಟರ್ ಎತ್ತರದ ಹಡಗು 15 ಮೈಲಿ ಚಿಲ್ಲರೆ ದೂರದಿಂದ ಕಾಣಬಹುದು. 36 ಮೈಲಿಯಲ್ಲಿ ಏನಾದರೂ ಕಾಣಬೇಕು ಅಂದರೆ ಅದು 200 ಮೀಟರಿಗಿಂತ ಎತ್ತರ ಇರಬೇಕು. ಅಂದರೆ ಗುಡ್ಡ. ಗುಡ್ಡ ಎಲ್ಲೂ ಓಡಿಹೋಗುವುದಿಲ್ಲ, ಅದಕ್ಕೆ ಜಿಪಿಎಸ್ ಇದೆ.

ಅದೇ ಡೋಮನ್ನು 3 ಮೀಟರಿನಿಂದ 5 ಮೀಟರಿಗೆ ಏರಿಸಿದರೆ ದಿಗಂತ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚೇ ಹಿಂದೆ ಸರಿಯುತ್ತದೆ. ಗಟ್ಟಿಯಾದ ಒಂದು ಕಂಬ, ವೆಲ್ಡಿಂಗ್ ಮಾಡುವವನ ಕೂಲಿ, ಇಷ್ಟರಲ್ಲಿ ಮುಗಿಯುತ್ತದೆ. ಆರು ಕಿಲೋವ್ಯಾಟಿಗೆ ಹೋಗುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ನನ್ನ ಕೇಳಿದರೆ ಎಲ್ಲಕ್ಕಿಂತ ಹೆಚ್ಚು ದುಡ್ಡು ಹಾಕಬೇಕಾದದ್ದು ಆ್ಯಂಟೆನಾದ ಅಗಲಕ್ಕೆ. 18 ಇಂಚಿನ ಡೋಮ್ ಬಿಡುವ ಕಿರಣ ಸುಮಾರು 5.2 ಡಿಗ್ರಿ ಅಗಲ. 24 ಇಂಚಿನದ್ದು 4 ಡಿಗ್ರಿ ಆಸುಪಾಸು. ಬಯಲಲ್ಲಿ ಗರಗರ ತಿರುಗುವ 4 ಅಡಿಯ ಓಪನ್ ಆ್ಯಂಟೆನಾದ್ದು 1.9 ಡಿಗ್ರಿ ಆಸುಪಾಸು. ಕಿರಣ ಕಿರಿದಾದರೆ ಎರಡು ಲಾಭ. ಮೊದಲನೆಯದು, ಅದೇ ಶಕ್ತಿ ಒಂದೇ ಕಡೆ ಒಟ್ಟಾಗಿ ಹೋಗುತ್ತದೆ. ವಾಪಸ್ ಬಂದದ್ದನ್ನು ಹಿಡಿಯುವುದೂ ಅದೇ ಆ್ಯಂಟೆನಾ, ಹಾಗಾಗಿ ಈ ಲಾಭ ಹೋಗುವಾಗಲೂ ಸಿಕ್ಕಿತು, ಬರುವಾಗಲೂ ಸಿಕ್ಕಿತು. 18 ಇಂಚಿನಿಂದ 24 ಇಂಚಿಗೆ ಹೋದರೆ ಪವರನ್ನು ಹೆಚ್ಚುಕಮ್ಮಿ ದುಪ್ಪಟ್ಟು ಮಾಡಿದ ಹಾಗೆ. 4 ಅಡಿಗೆ ಹೋದರೆ ಏಳು ಪಟ್ಟು ಮಾಡಿದ ಹಾಗೆ. ಮ್ಯಾಗ್ನೆಟ್ರಾನ್ ಮುಟ್ಟಲೇ ಇಲ್ಲ!

ಎರಡನೇ ಲಾಭ ಸ್ಕ್ರೀನಿನ ಮೇಲೆ ಕಣ್ಣಿಗೆ ಕಾಣುತ್ತದೆ. ಬೆಳಗಿನ ಜಾವ ಅಗ್ವಾದ ಗುಡ್ಡ ಬಳಸಿಕೊಂಡು ಮಾಂಡವಿ ಬಾಯಿಗೆ ಬರುತ್ತಿದ್ದೀರಿ. ಮುಂದೆ ಒಂದು ಮೈಲಿಯಲ್ಲಿ ಎರಡು ದೋಣಿ, ಪಕ್ಕ ಪಕ್ಕ, ನಡುವೆ ನೂರು ಮೀಟರ್ ಜಾಗ. 5.2 ಡಿಗ್ರಿಯ ಕಿರಣ ಒಂದು ಮೈಲಿಯಲ್ಲಿ 168 ಮೀಟರ್ ಅಗಲವಾಗಿರುತ್ತದೆ. ಎರಡೂ ದೋಣಿ ಅದರೊಳಗೇ ಬಂದವು. ಸ್ಕ್ರೀನಿನಲ್ಲಿ ಅಡ್ಡಡ್ಡ ಬಳಿದಂಥ ಒಂದೇ ಗೆರೆ. ಯಾವುದೋ ಬಾರ್ಜ್ ಅಡ್ಡ ನಿಂತಿದೆ ಅಂದುಕೊಳ್ಳುತ್ತೀರಿ. ಅರ್ಧ ಮೈಲಿಗೆ ಬಂದಾಗ ಕಿರಣ 84 ಮೀಟರಿಗೆ ಇಳಿಯುತ್ತದೆ, ಗೆರೆ ಸೀಳಿ ಎರಡು ಚುಕ್ಕೆಯಾಗುತ್ತದೆ. ಅಷ್ಟರಲ್ಲಿ ನೀವು ಚುಕ್ಕಾಣಿ ಒಂದು ಕಡೆ ತಿರುಗಿಸಿ ಆಗಿರುತ್ತದೆ. 4 ಅಡಿ ಆ್ಯಂಟೆನಾಕ್ಕೆ ಒಂದು ಮೈಲಿಯಲ್ಲೇ ಎರಡೂ ಬೇರೆ ಬೇರೆ ಕಾಣುತ್ತಿದ್ದವು. ಕಿಲೋವ್ಯಾಟ್ ಎಷ್ಟೇ ಏರಿಸಿದರೂ ಆ ಗೆರೆ ಸೀಳುವುದಿಲ್ಲ, ಇನ್ನಷ್ಟು ದಪ್ಪ ಆಗುತ್ತದೆ.

ಮಳೆಗಾಲದಲ್ಲಿ ಇದೇ ಮಾತು ಇನ್ನೂ ಬಿಗಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್. ಆಗಸ್ಟ್ ಒಂದಕ್ಕೆ ಕಡಲಿಗೆ ಇಳಿಯುವಾಗ ಮಳೆ ಇನ್ನೂ ಹೋಗಿರುವುದಿಲ್ಲ, ಅಲೆಯೂ ಇಳಿದಿರುವುದಿಲ್ಲ. ನಮ್ಮ ಬೋಟುಗಳ ರೇಡಾರ್ ಎಲ್ಲ ಎಕ್ಸ್ ಬ್ಯಾಂಡ್, ಅಲೆಯ ಉದ್ದ ಸುಮಾರು 3 ಸೆಂಟಿಮೀಟರ್. ಮಳೆಹನಿಗೆ ಅದು ಚೆನ್ನಾಗಿಯೇ ಪ್ರತಿಫಲಿಸುತ್ತದೆ. ಸ್ಕ್ರೀನಿನ ತುಂಬ ಹತ್ತಿ ಹರಡಿದ ಹಾಗೆ. "ಮಳೇಲಿ ಏನೂ ಕಾಣಲ್ಲ, ಪವರ್ ಸಾಲ್ತಿಲ್ಲ" ಅನ್ನುವ ದೂರು ಬರುವುದು ಆಗಲೇ.

ಪವರ್ ಸಾಲದ್ದಕ್ಕೆ ಆಗುವುದಲ್ಲ ಅದು. ಬರಿಗಡಲಿನಲ್ಲಿ ದೋಣಿಯ ಪ್ರತಿಧ್ವನಿ ಸೆಣಸುವುದು ರಿಸೀವರಿನ ಒಳಗಿನ ಗದ್ದಲದ ಜೊತೆ. ಪವರ್ ಏರಿಸಿದರೆ ಪ್ರತಿಧ್ವನಿ ಏರುತ್ತದೆ, ಗದ್ದಲ ಇದ್ದಷ್ಟೇ ಇರುತ್ತದೆ, ಹಾಗಾಗಿ ಅಲ್ಲಿ ಲಾಭ ಇದೆ. ಮಳೆಯಲ್ಲಿ ದೋಣಿ ಸೆಣಸುವುದು ಸುತ್ತಲಿನ ಹನಿಗಳ ಪ್ರತಿಧ್ವನಿ ಜೊತೆ. ಪವರ್ ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ. ದೋಣಿ ಎಲ್ಲಿತ್ತೋ ಅಲ್ಲೇ ಮುಚ್ಚಿಹೋಗಿರುತ್ತದೆ. ಸಮುದ್ರದ ಅಲೆಗಳ ಗಲಾಟೆಗೂ ಇದೇ ನ್ಯಾಯ. ಇಲ್ಲಿ ನೆರವಿಗೆ ಬರುವುದು ಕಿರಿದಾದ ಕಿರಣ, ಗಿಡ್ಡ ಪಲ್ಸ್. ದೋಣಿಯ ಜೊತೆ ಒಂದೇ ಚೌಕದೊಳಗೆ ಸಿಗುವ ಮಳೆ ಅಷ್ಟು ಕಡಿಮೆಯಾಗುತ್ತದೆ. 12 ಮೈಲಿ ರೇಂಜಿನಲ್ಲಿ ಬಿಟ್ಟಿದ್ದರೆ 3ಕ್ಕೆ ಇಳಿಸಿ, ಪಲ್ಸ್ ತಾನೇ ಗಿಡ್ಡವಾಗುತ್ತದೆ. ಮಳೆಯ, ಸಮುದ್ರದಲೆಯ ಗಲಾಟೆ ಕಡಿಮೆ ಮಾಡುವ ರೇನ್, ಸೀ ಎರಡು ಗುಂಡಿಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಮ್ಮೆಲೇ ಪೂರ್ತಿ ತಿರುಗಿಸಿದರೆ ಸ್ಕ್ರೀನ್ ಲಕಲಕ ಸ್ವಚ್ಛ ಆಗುತ್ತದೆ, ದೋಣಿಗಳೂ ಮಾಯ. ಸ್ವಚ್ಛ ಸ್ಕ್ರೀನ್ ನೋಡಿ ಖುಷಿಪಡುವ ತಾಂಡೇಲರನ್ನು ಕಂಡರೆ ನನಗೆ ಭಯ.

ಹಾಗಂತ ದೊಡ್ಡ ಕಿಲೋವ್ಯಾಟ್ ದಂಡ ಅಂತ ಅಲ್ಲ. ಸುರಿಯುವ ಮಳೆಯ ಆಚೆಗೆ ಇರುವ ಹಡಗನ್ನು ನೋಡಬೇಕಾದಾಗ, ಮಳೆ ನುಂಗಿ ಉಳಿದ ಅಲೆ ಸಾಲಬೇಕು. ಮೀನಿನ ಮೇಲೆ ಸುತ್ತುವ ಹಕ್ಕಿಗಳ ಹಿಂಡನ್ನು ದೂರದಿಂದಲೇ ಹುಡುಕಬೇಕಾದವರು 12, 25 ಕಿಲೋವ್ಯಾಟ್ ಹಾಕುತ್ತಾರೆ, ಅವರಿಗೆ ಅದು ಬೇಕೇ ಬೇಕು. ಆದರೆ ಅಂಥ ಸೆಟ್ಟಿನ ಜೊತೆ ಬರುವುದು ಆರಡಿಯ ಆ್ಯಂಟೆನಾ. ಅರ್ಧ ಕೆಲಸ ಆ ಆ್ಯಂಟೆನಾದ್ದೇ, ಹೆಸರು ಕಿಲೋವ್ಯಾಟಿಗೆ.

ದಡದ ಆಸುಪಾಸಿನಲ್ಲೇ ಓಡಾಡುವ ಸಣ್ಣ ಬೋಟಿಗೆ ಏನು ತಗೊಳ್ಳಲಿ ಅಂದರೆ, 24 ಇಂಚಿನ ಡೋಮ್ ಕೂರುವ ಜಾಗ ಇದ್ದರೆ ಅದನ್ನೇ ತಗೊಳ್ಳಿ. 4 ಕಿಲೋವ್ಯಾಟಾದರೂ ಸರಿ, 20-25 ವ್ಯಾಟಿನ ಸಾಲಿಡ್ ಸ್ಟೇಟಾದರೂ ಸರಿ. ಬ್ಯಾಟರಿ ಚಿಕ್ಕದಿದ್ದರೆ ಎರಡನೆಯದು ಮೇಲು, ಅದು ಎಳೆಯುವ ಕರೆಂಟು ಸಾಮಾನ್ಯವಾಗಿ ಕಡಿಮೆ. ಆನ್ ಮಾಡಿ ಒಂದೂವರೆ ಎರಡು ನಿಮಿಷ ಮ್ಯಾಗ್ನೆಟ್ರಾನ್ ಬಿಸಿಯಾಗಲಿ ಅಂತ ಕಾಯುವ ಕೆಲಸವೂ ಇಲ್ಲ. ನಾಲ್ಕೈದು ದಿನ ಆಳಕ್ಕೆ ಹೋಗುವ ಟ್ರಾಲರ್ ಆದರೆ ಮೂರೂವರೆ ನಾಲ್ಕಡಿಯ ಓಪನ್ ಆ್ಯಂಟೆನಾ ಇರುವ ಸೆಟ್ ನೋಡಿ. ಕಿಲೋವ್ಯಾಟ್ ನಾಲ್ಕೋ ಆರೋ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಲೆಯ ಹಗ್ಗ ಸಿಕ್ಕಿಹಾಕಿಕೊಳ್ಳದ ಜಾಗ ಮಾತ್ರ ನೋಡಿಕೊಳ್ಳಿ.

ಕೇಬಲ್ಲಿನ ವಿಷಯ ಬಿಡುವ ಹಾಗಿಲ್ಲ. ಎಷ್ಟೋ ಬೋಟುಗಳಲ್ಲಿ ಸೆಟ್ ಆನ್ ಆಗುತ್ತದೆ, ಟ್ರಾನ್ಸ್‌ಮಿಟ್ ಒತ್ತಿದ ಕೂಡಲೇ ಬಂದ್. ಮ್ಯಾಗ್ನೆಟ್ರಾನ್ ಹೋಯಿತು ಅಂತ ಗಾಬರಿಯಾಗುತ್ತಾರೆ. ಬಿಚ್ಚಿ ನೋಡಿದರೆ ಬ್ಯಾಟರಿ ಟರ್ಮಿನಲ್ಲಿನಲ್ಲಿ ಹಸಿರು ಕಿಲುಬು, ಇಲ್ಲಾ ದೂರದಿಂದ ಎಳೆದ ತೆಳು ವೈರ್. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ, ಸೆಟ್ ತನ್ನನ್ನು ತಾನು ಆಫ್ ಮಾಡಿಕೊಳ್ಳುತ್ತದೆ. ಮಲ್ಟಿಮೀಟರನ್ನು ರೇಡಾರಿನ ತುದಿಯಲ್ಲೇ ಹಿಡಿದು, ಟ್ರಾನ್ಸ್‌ಮಿಟ್ ಇರುವಾಗಲೇ ನೋಡಿ. ಬ್ಯಾಟರಿ ಹತ್ತಿರ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇನ್ನು ಖಲಾಸಿಗಳ ಭಯ. ನಾಲ್ಕು ಕಿಲೋವ್ಯಾಟ್ ಅಂದರೆ ಮೈ ಸುಡುತ್ತದೆ, ಮಕ್ಕಳಾಗುವುದಿಲ್ಲ, ಏನೇನೋ ಮಾತು. ಸರಾಸರಿ ಒಂದು ವ್ಯಾಟಿನ ಆಸುಪಾಸು ಅಂತ ಮೇಲೆ ಲೆಕ್ಕ ಹಾಕಿದೆವಲ್ಲ, ತಿರುಗುವ ಆ್ಯಂಟೆನಾದ್ದು ಮೈ ಮೇಲೆ ಬೀಳುವುದು ಅದರಲ್ಲೂ ಒಂದು ಚೂರು. ಆದರೂ ಡೋಮಿನ ಮಟ್ಟಕ್ಕೆ ಮುಖ ಇಟ್ಟು ನಿಲ್ಲುವುದು ಜಾಣತನ ಅಲ್ಲ. ಎಷ್ಟು ದೂರ ಇರಬೇಕು ಅಂತ ಪ್ರತಿ ಸೆಟ್ಟಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಡೆಕ್ಕಿನಲ್ಲಿ ನಿಂತವರ ತಲೆಗಿಂತ ಮೇಲೆ ಕೂರಿಸಿದರೆ ಆ ಚಿಂತೆಯೂ ಇಲ್ಲ, ದಿಗಂತದ ಲಾಭವೂ ಸಿಕ್ಕಿತು. ಓಪನ್ ಆ್ಯಂಟೆನಾ ಇದ್ದರೆ ಅಲೆಗಿಂತ ಆ ತಿರುಗುವ ಪಟ್ಟಿಯೇ ಅಪಾಯ, ತಲೆಗೆ ಬಡಿದರೆ ಮುಗೀತು. ಕಂಬ ಹತ್ತುವ ಮೊದಲು ಸ್ಟ್ಯಾಂಡ್‌ಬೈ ಸಾಲದು, ಬ್ರೇಕರ್ ಇಳಿಸಿ, ಯಾರೂ ಆನ್ ಮಾಡದ ಹಾಗೆ ಒಬ್ಬರನ್ನು ಕ್ಯಾಬಿನ್ನಿನಲ್ಲಿ ಕೂರಿಸಿಯೇ ಹತ್ತಿ.